ಸ್ಕೂಟರಿಗೊಂದು ಟ್ರ್ಯಾಕ್ಟರ್ ಪುಸ್ತಕ

ಸ್ಕೂಟರ್ ಕೆಟ್ಟಿದೆ ಎಂದು ಹೇಳಲು ಅದೇ ಸ್ಕೂಟರ್ ಏರಿ ತಾಲ್ಲೂಕು ದಾಟಿ ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಹುಲ್ಲಹಳ್ಳಿಯಿಂದ ತಿ. ನರಸೀಪುರದ ನಮ್ಮ ಮನೆಗೆ ಬಂದು, ಸ್ಟ್ಯಾಂಡ್ ಹಾಕಿ, "ಅಳೀಮಯ್ಯ, ಗಾಡಿ ಕೆಟ್ಟೋಗದೆ. ನಾನೇ ಬಿಚ್ಚಿ ರಿಪೇರಿ ಮಾಡ್ಬೇಕು. ಒಂದೊಳ್ಳೆ ಪುಸ್ತಕ ಕೊಡ್ಸು" ಎಂದರು.

"ಏನಾಗಿದೆ ಮಾವ?"

"ಪುಸ್ತಕ ಓದಿದ್ ಮ್ಯಾಲೆ ಗೊತ್ತಾಯ್ತದೆ."

ಮಾವನನ್ನು ಎದುರಿಸಿ ಮಾತಾಡುವವರೆಂದರೆ ಅತ್ತೆ ಒಬ್ಬರೇ. ಅವರೋ ಏಳು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಲಕ್ವ ಹೊಡೆದು, ಕೈಕಾಲು ಸರಿಹೋದರೂ ನಾಲಿಗೆ ತೊದಲುತ್ತಿತ್ತು. ದಿನಾ ಗಟ್ಟಿಯಾಗಿ ಓದಿಸಿ, ಇಲ್ಲದಿದ್ದರೆ ಮಾತು ಹೀಗೇ ನಿಂತುಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮಾವ ಪೇಪರ್ ತಂದುಕೊಟ್ಟರೆ ಅತ್ತೆ ಅದನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಹಾಸಿದರು. ತಮ್ಮ ತೊದಲು ಯಾರ ಕಿವಿಗೂ ಬೀಳಬಾರದೆಂಬ ಹಟ. ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ ಹೆಂಗಸು! ಆ ಮನೆಯ ಮೌನಕ್ಕೆ ಹೆದರಿ ನಾನು ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಇಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಸ್ಕೂಟರ್ ಚಿಂತೆಯೇ? ಒಳಗೊಳಗೇ ಉರಿದುಹೋದೆ. "ಪುಸ್ತಕ ಯಾಕೆ? ಫೋನಲ್ಲಿ ವಿಡಿಯೋ ಸಿಗುತ್ತೆ" ಎಂದೆ.

"ವಿಡಿಯೋ ಬ್ಯಾಡ. ಅದು ತಾನೇ ಮಾತಾಡ್ತದೆ."

ಸರಿ, ನಂಜನಗೂಡಿನ ಹಳೇ ಪುಸ್ತಕದ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ತೆಗೆದಿದ್ದು ಬರೀ ಚಿತ್ರಗಳ ಪುಸ್ತಕ. "ಓದಾಕೆ ಏನದೆ ಇದ್ರಲ್ಲಿ?" ಎಂದು ಮಾವ ಬದಿಗಿಟ್ಟರು. ಎರಡನೆಯದು ಇಂಗ್ಲಿಷಿನದು, ಅದೂ ಬೇಡ. ಮೂರನೆಯದು ಅಚ್ಚ ಕನ್ನಡದಲ್ಲಿ, ಮಾವನ ಸ್ಕೂಟರಿನದೇ, ಮುಖಪುಟದಲ್ಲಿ ಅದೇ ಗಾಡಿಯ ಫೋಟೋ! ತೂಗಿ ನೋಡಿ, "ತೀರಾ ತೆಳ್ಳಗದೆ. ವಾರಕ್ಕೆಲ್ಲ ಮುಗ್ದೋಯ್ತದೆ" ಎಂದರು.

ಕೊನೆಗೆ ಮೂಲೆಯಲ್ಲಿದ್ದ ದಿಂಬಿನಷ್ಟು ದಪ್ಪ ಪುಸ್ತಕ ಮಾವನ ಕಣ್ಣಿಗೆ ಬಿತ್ತು.

"ಸಾ, ಅದು ಟ್ರ್ಯಾಕ್ಟರ್ ರಿಪೇರಿದು" ಎಂದರು ಅಂಗಡಿಯವರು.

"ಅಕ್ಷರ ದಪ್ಪಗವೆ. ಕೊಡಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಬೀದಿ ನೋಡಿದೆ.

ಹುಲ್ಲಹಳ್ಳಿಗೆ ಬಂದವರೇ ಮಾವ ಪುಸ್ತಕವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಆಮೇಲೆ ಅದನ್ನು ಜಗಲಿಗೆ ತಂದಿಟ್ಟು, ಅಂಗಳಕ್ಕೆ ಸ್ಕೂಟರ್ ತಂದು, ಎರಡೂ ಕೈಗೆ ಗ್ರೀಸ್ ಬಳಿದುಕೊಂಡು, ಜಗಲಿಯ ಮೇಲಿದ್ದ ಅತ್ತೆಗೆ, "ಪುಸ್ತಕ ಅಂದ್ರೆ ಸರಸ್ವತಿ. ಈ ಕೈಲಿ ಮುಟ್ಟಾಕಾಯ್ತದಾ? ನೀನೇ ಓದಮ್ಮಿ" ಎಂದರು.

ಅತ್ತೆ ನನ್ನತ್ತ ಬೆರಳು ತೋರಿಸಿದರು. "ಕೊಡಿ, ನಾನು ಓದ್ತೀನಿ" ಎಂದು ಕೈ ಚಾಚಿದೆ. ಮಾವ ನನ್ನ ಎರಡೂ ಅಂಗೈಗೆ ಗ್ರೀಸ್ ಮೆತ್ತಿದರು! ಆಗ ಈ ಮಂದಬುದ್ಧಿಗೆ ವಿಷಯ ಹೊಳೆಯಿತು.

ಮಾವ ಗ್ರೀಸ್ ಕೈ ಎತ್ತಿಕೊಂಡು ಕಾಯುತ್ತ ನಿಂತರು. ಕೊನೆಗೆ ಅತ್ತೆ ಪುಸ್ತಕ ತೆರೆದು, "ಟ್... ಟ್ರ್ಯಾ..." ಎಂದರು. ಅವತ್ತು ಅರ್ಧ ಪುಟವಾಯಿತು. ಮಾವ ಒಂದು ನಟ್ ಬಿಚ್ಚಿ, ಅದನ್ನೇ ತಿರುಗಿ ಹಾಕಿದರು.

ಆಮೇಲೆ ಪ್ರತಿ ಭಾನುವಾರ ನಾನೂ ಗ್ರೀಸ್ ಹಚ್ಚಿಸಿಕೊಳ್ಳಲು ಹೋಗುತ್ತಿದ್ದೆ. ನಾಲ್ಕನೇ ಭಾನುವಾರ ನೇಗಿಲಿನ ಅಧ್ಯಾಯ ಬಂತು. "ನೇಗಿಲನ್ನು... ಹಿಂ... ಹಿಂಬದಿಗೆ ಜೋಡಿಸುವ ಮುನ್ನ..." ಎಂದು ಅತ್ತೆ ಓದಿದರು. ಮಾವ ಗಂಭೀರವಾಗಿ ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ತಡಕಾಡಿದರು.

"ಎಲ್ಲಿಗೆ ಜೋಡುಸ್ಬೇಕಂತೆ? ಇನ್ನೊಂದ್ ಸಲ ಓದು."

ಅತ್ತೆ ಮತ್ತೆ ಓದಿದರು.

"ನಂಬರ್ ಪ್ಲೇಟ್ ಮ್ಯಾಲಾ, ಕೆಳಗಾ?"

"ಸ್ಕೂಟರಿಗೆ ಯಾರಾದ್ರೂ ನೇಗ್ಲು ಕಟ್ತಾರೇನ್ರೀ! ತಲೆ ಕೆಟ್ಟೋಗದಾ ನಿಮ್ಗೆ!"

ಎಲ್ಲೂ ತೊದಲಿರಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದರು. ಅತ್ತೆ ತಾವೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದರು.

ಮಾವ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡರು. ಮೆಲ್ಲಗೆ ಜಗಲಿಯ ಹತ್ತಿರ ಬಂದು ಹೇಳಿದರು:

"ಎಂಟು ತಿಂಗಳಾಯ್ತು ಕಣಮ್ಮಿ. ಇನ್ನೊಂದ್ ಸಲ ಬಯ್ಯಿ."