ಗದಿಗೆಪ್ಪ ಮೇಸ್ತ್ರಿಯ ಏಣಿಯಾರೋಹಣ ಮತ್ತು ಅಂತರಿಕ್ಷವಾಸ

ಎಲೈ ವಾಗ್ದೇವಿಯೇ, ಸಿಮೆಂಟಿನ ಧೂಳು ಮೆತ್ತಿದ ಈ ನಾಲಿಗೆಯನ್ನು ಒಮ್ಮೆ ತೊಳೆದು ಕೊಡು. ಹುಬ್ಬಳ್ಳಿಯ ಹೊರವಲಯದ ಕರಿಮಣ್ಣಿನಿಂದ ಕಬ್ಬಿಣದ ಸರಳುಗಳು ಕಾಡಿನಂತೆ ಎದ್ದು ಆಕಾಶದ ಹೊಟ್ಟೆಯನ್ನು ತಿವಿಯುತ್ತಿದ್ದ ಆ ಘೋರ ಯುಗದಲ್ಲಿ, ಅರ್ಧಕ್ಕೆ ಎದ್ದ ಅಪಾರ್ಟ್‌ಮೆಂಟೊಂದರ ನಾಲ್ಕನೆಯ ಮಹಡಿಯಲ್ಲಿ ನಡೆದ ಮಹಾಸಂಗ್ರಾಮವನ್ನು ನಾನೀಗ ಹೇಳಬೇಕಾಗಿದೆ.

ಅಲ್ಲಿ ಮೆರೆದವನು ಕರಣಿಕರವಾಲಪಾಣಿಯೂ ವಕ್ರಭಿತ್ತಿವಿಭಂಜನನೂ ತಂಬಾಕುಪೂರಿತದಕ್ಷಿಣಕಪೋಲನೂ ಆದ ಗದಿಗೆಪ್ಪ ಮೇಸ್ತ್ರಿ. ಅವನು ಕರಣಿಯಾಡಿಸಿದ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅವನು ಬೈದ ಗೋಡೆ ತಾನಾಗಿಯೇ ನೆಟ್ಟಗಾಗುತ್ತಿತ್ತು ಎಂದು ಅವನೇ ಹೇಳುತ್ತಿದ್ದ. ಅಂದು ಆ ವೀರನಿಗೆ ವಿಧಿ ಒಪ್ಪಿಸಿದ್ದ ಕಾರ್ಯವೆಂದರೆ ಲಿಫ್ಟಿನ ಬಾಗಿಲ ಮೇಲ್ಗಡೆ ಉಳಿದುಹೋಗಿದ್ದ ಅಂಗೈಯಗಲದ ತೂತೊಂದನ್ನು ಮುಚ್ಚುವುದು.

ಲಿಫ್ಟು ಇನ್ನೂ ಬಂದಿರಲಿಲ್ಲ. ಅದು ಓಡಾಡಬೇಕಾದ ಚೌಕ ಪಾತಾಳ ಮಾತ್ರ ನೆಲದವರೆಗೂ ಬಾಯ್ತೆರೆದು ನಿಂತಿತ್ತು. ಆ ಬಾಯಿಗೆ ಅಡ್ಡ ಕಟ್ಟಿದ್ದ ಹಲಗೆಯಿಂದಾಗಿ ಏಣಿ ನಿಲ್ಲುತ್ತಿಲ್ಲವೆಂದು ಮೇಸ್ತ್ರಿ ಅದನ್ನು ಬಿಚ್ಚಿ ಬದಿಗೆಸೆದು, ಪಾತಾಳದ ತುಟಿಯ ಪಕ್ಕದಲ್ಲೇ ಬಿದಿರಿನ ಏಣಿಯನ್ನು ಗೋಡೆಗೆ ಆನಿಸಿದನು.

ಅಷ್ಟರಲ್ಲಿ ಮೆಟ್ಟಿಲೇರಿ ಬಂದಳು ಶ್ವೇತಶಿರಸ್ತ್ರಾಣಶೋಭಿತೆ, ಸೀಟಿಕಂಠಾಭರಣೆ, ಅಖಿಲಕಾರ್ಮಿಕಪ್ರಾಣರಕ್ಷಣದೀಕ್ಷಾಬದ್ಧೆ ಶಶಿರೇಖಾ ಬೆಟಗೇರಿ. ಆ ಸೈಟಿನ ಸೇಫ್ಟಿ ಆಫೀಸರು. ಮೊದಲು ಹಲಗೆಯನ್ನು ನೋಡಿದಳು, ಆಮೇಲೆ ಏಣಿಯನ್ನು, ಕೊನೆಗೆ ವೀರನನ್ನು.

"ಮೇಸ್ತ್ರಿ, ಬೆಲ್ಟ್ ಎಲ್ಲೈತ್ರಿ?"

"ಸೊಂಟದಾಗ ಐತಲ್ರಿ ಮೇಡಂ," ಎಂದು ಗದಿಗೆಪ್ಪ ಅಂಗಿ ಎತ್ತಿ ಪ್ಯಾಂಟಿನ ಬೆಲ್ಟನ್ನು ತೋರಿಸಿದನು.

ಶಶಿರೇಖೆ ನಗಲಿಲ್ಲ. ಹೆಗಲಿಗೂ ತೊಡೆಗೂ ಪಟ್ಟಿಗಳಿದ್ದ, ಬೆನ್ನಿನಲ್ಲಿ ಹಗ್ಗವೂ ಕೊಂಡಿಯೂ ಇದ್ದ ದಿವ್ಯಕವಚವನ್ನು ಮುಂದೆ ಹಿಡಿದಳು. "ಇದನ್ನ ಹಾಕ್ಕೊಂಡು, ಕೊಂಡಿ ಈ ಕಡೆ ಛಾವಣಿ ರಾಡಿಗೆ ಸಿಗಿಸಿ ಹತ್ರಿ. ಹಂಗ ಹತ್ತಾಕ ಬಿಡಂಗಿಲ್ಲ."

ಆಗ ಕ್ರೋಧಾರುಣನೇತ್ರನಾದ ಗದಿಗೆಪ್ಪ ತಂಬಾಕನ್ನು ಎಡಗೆನ್ನೆಗೆ ಸರಿಸಿ ಗರ್ಜಿಸಿದನು: "ಮೇಡಂ, ನೀವು ಅಂಗನವಾಡ್ಯಾಗ ಉಪ್ಪಿಟ್ಟು ತಿನ್ನೋ ಕಾಲಕ್ಕ ನಾ ನೀರಿನ ಟಾಕಿ ತುದಿಮ್ಯಾಲೆ ನಿಂತು ಬೀಡಿ ಹಚ್ಚಿದಾಂವ. ಗಾಳಿಗೆ ನನ್ನ ಗುರ್ತು ಐತಿ. ಇದನ್ನ ಒಯ್ದು ಎತ್ತಿಗೆ ಕಟ್ರಿ."

"ಗಾಳಿಗೆ ಇರಬಹುದು, ಆ ಗುಂಡಿಗೆ ನಿಮ್ಮ ಗುರ್ತಿಲ್ಲ," ಎಂದಳು ಶಶಿರೇಖೆ. "ಹೆಲ್ಮೆಟ್ ಇಲ್ಲ ಅಂತ ಮಾಲಕರ ಬೀಗರನ್ನ ಗೇಟಿನ್ಯಾಗ ನಿಲ್ಲಿಸಿದಾಕಿ ನಾನು. ನೀವ್ಯಾವ ಲೆಕ್ಕ?"

ಹೀಗೆಂದು ಪಾಂಚಜನ್ಯಕ್ಕೆ ಸೋಲದ ಸೀಟಿಯನ್ನು ಊದಿದಳು. ಮಹಡಿಯ ಕೆಲಸವೆಲ್ಲ ನಿಂತಿತು. ಗದಿಗೆಪ್ಪ ಕವಚವನ್ನು ಕಿತ್ತೆಸೆಯಲು ಒಂದು ಪಟ್ಟಿ ಹಿಡಿದನು, ಅವಳು ಇನ್ನೊಂದನ್ನು ಬಿಡಲಿಲ್ಲ. ಸಮುದ್ರಮಥನದಲ್ಲಿ ವಾಸುಕಿಯನ್ನು ಎಳೆದಂತೆ ಇಬ್ಬರೂ ಎಳೆದರು. ಅಮೃತವೂ ಬರಲಿಲ್ಲ, ವಿಷವೂ ಬರಲಿಲ್ಲ, ಮೇಸ್ತ್ರಿಯ ಅಂಗಿಯ ಗುಂಡಿಯೊಂದು ಕಿತ್ತು ಬಂತು.

ಆ ಯುದ್ಧವನ್ನು ನಿಲ್ಲಿಸಿದವಳು ದುರ್ಗವ್ವ. ಗದಿಗೆಪ್ಪನಿಗೆ ಕಲಸಿದ ಸಿಮೆಂಟು ಹೊತ್ತು ಕೊಡುವವಳು, ಅವನು ಹತ್ತಿದಾಗ ಏಣಿ ಹಿಡಿಯುವವಳು. ತಲೆಯ ಮೇಲಿನ ಬಾಂಡ್ಲಿಯನ್ನು ಇಳಿಸಿ, "ಅಣ್ಣಾ, ಅದನ್ನ ಹಾಕ್ಕೊಳ್ಳಲಿಲ್ಲಂದ್ರ ನಾ ಏಣಿ ಹಿಡಿಯಂಗಿಲ್ಲ," ಎಂದಳು.

"ನೀನೂ ಅವರ ಕಡೆ ಆದೇನ?"

"ಯಾರ ಕಡೀನೂ ಇಲ್ಲ. ಆ ಹಳೇ ಸೈಟಿನ್ಯಾಗ ಹುಸೇನಣ್ಣ ಬಿದ್ದಾಗ ಅವರ ಮನಿಗೆ ಹೋಗಿ ಹೇಳಿದಾಕಿ ನಾನು. ಅವನ ಹೇಣ್ತಿ ರೊಟ್ಟಿ ಬಡೀತಿದ್ಲು. ನಾ ಹೇಳಿದ ಮ್ಯಾಲೂ ಬಡಕೋತ ಕುಂತಿದ್ಲು. ಇನ್ನೊಂದು ಮನಿಗೆ ಹೋಗಾಕ ನನ್ನ ಕಡಿಂದ ಆಗಂಗಿಲ್ಲ."

ಹುಸೇನಸಾಬ ಗದಿಗೆಪ್ಪನ ಜೋಡಿಯಾಗಿದ್ದವನು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ವೀರನು ತೋಳುಗಳನ್ನು ಚಾಚಿ ನಿಂತನು. ಶಶಿರೇಖೆ ಪಟ್ಟಿಗಳನ್ನು ಬಿಗಿದಳು. ಅವಳು ಹಲಗೆಯ ಮಾತೆತ್ತಿದಾಗ, "ಅದಿದ್ರ ಏಣಿ ಎಲ್ಲಿಡ್ಲಿ? ಬೆಲ್ಟ್ ಹಾಕ್ಕೊಂಡೀನಲ್ರಿ," ಎಂದು ಗೊಣಗಿದನು. ಅವಳು ಏಣಿಯನ್ನು ಗುಂಡಿಯ ತುಟಿಯಿಂದ ಒಂದು ಮೊಳ ಈಚೆಗೆ ಎಳೆಸಿ, "ಕೈಗೆ ನಿಲುಕಲಿಲ್ಲಂದ್ರ ಮೈ ಚಾಚಬ್ಯಾಡ್ರಿ. ಇಳಿದು ಏಣಿ ಸರಿಸಿಕೊಳ್ರಿ," ಎಂದಳು. ಮೇಲೆ ಹೋಗಿ ಕೊಂಡಿ ಸಿಗಿಸಿದ ಗದಿಗೆಪ್ಪನಿಗೆ ತೂತು ನಿಲುಕಲಿಲ್ಲ. ಇಳಿಯುವುದು ಕ್ಷತ್ರಿಯಧರ್ಮವಲ್ಲ. ಅವನು ಮೈ ಚಾಚಿದನು.

ಏಣಿಯ ಬುಡ ಗುಂಡಿಯ ಕಡೆಗೆ ಸರ್ರನೆ ಜಾರಿತು. "ದುರ್ಗವ್ವಾ, ಕೈ ಬಿಡು," ಎಂದು ಶಶಿರೇಖೆ ಅವಳ ಸೀರೆ ಹಿಡಿದು ಹಿಂದಕ್ಕೆಳೆದಳು. ಏಣಿ ಪಾತಾಳಕ್ಕೆ ಧುಮುಕಿ, ಮಹಡಿ ಮಹಡಿಯ ಗೋಡೆಗೂ ಬಡಿದುಕೊಳ್ಳುತ್ತ, ಬಹಳ ಹೊತ್ತಿನ ಮೇಲೆ ಎಂಬಂತೆ ತಳ ಸೇರಿ ಮುರಿಯಿತು.

ಗದಿಗೆಪ್ಪ ಮಾತ್ರ ಗಗನಮಧ್ಯದಲ್ಲಿ, ತ್ರಿಶಂಕುವಿನಂತೆ, ಕಣ್ಣು ಮುಚ್ಚಿ ತೂಗುತ್ತಿದ್ದನು. ಹಗ್ಗ ಅವನನ್ನು ಗುಂಡಿಯ ಮೇಲಿಂದ ಈಚೆಗೆ ಎಳೆದು ತಂದಿತ್ತು. ಅದು ಅವನಿಗೆ ತಿಳಿಯದು.

"ದುರ್ಗವ್ವಾ," ಎಂದನು ಕ್ಷೀಣಸ್ವರದಲ್ಲಿ, "ಮನಿಯಾಕಿಗೆ ಹೇಳು, ಬೆಳಿಗ್ಗೆ ಸಾರಿಗೆ ಉಪ್ಪಿಲ್ಲ ಅಂತ ಬೈದದ್ದು ತಪ್ಪಾತು ಅಂತ. ನನ್ನ ಕರಣಿ ತಮ್ಮಗ ಕೊಡು. ಮೇಡಂ, ನೀವು ಹೇಳಿದ್ದು ಖರೇ ಇತ್ತು. ಹುಸೇನಾ, ಬಂದೆನಪಾ."

"ಮೇಸ್ತ್ರಿ, ಕಣ್ಣು ತಗೀರಿ," ಎಂದಳು ಶಶಿರೇಖೆ.

"ತಗಿಯಂಗಿಲ್ಲ."

"ಹಂಗಾದ್ರ ಕಾಲ ಬೆರಳರೆ ಚಾಚ್ರಿ."

ಚಾಚಿದನು. ಹೆಬ್ಬೆರಳಿಗೆ ಗಟ್ಟಿ ಕಾಂಕ್ರೀಟು ತಗುಲಿತು. ಮಹಾವೀರನು ನೆಲದಿಂದ ಒಂದು ಗೇಣು ಮೇಲೆ ನೇತಾಡುತ್ತಿದ್ದನು.

ದುರ್ಗವ್ವ ಬಾಂಡ್ಲಿಯ ಸಿಮೆಂಟನ್ನು ಸುರುವಿ, ಅದನ್ನು ಬೋರಲು ಹಾಕಿ ಅವನ ಪಾದಗಳ ಕೆಳಗೆ ತಳ್ಳಿದಳು. ಅವನು ಅದರ ಮೇಲೆ ನಿಂತನು. ಹಗ್ಗ ಸಡಿಲವಾಯಿತು.

"ಈಗ ಕೊಂಡಿ ಬಿಚ್ಚಿ ಇಳೀರಿ," ಎಂದಳು ಶಶಿರೇಖೆ.

ಗದಿಗೆಪ್ಪ ಬಾಂಡ್ಲಿಯ ಮೇಲಿಂದ ಕೆಳಗೆ ನೋಡಿದನು. ನೆಲ ಅಲ್ಲೇ ಇತ್ತು.

"ಮೊದ್ಲು ಇಳೀತೀನ್ರಿ ಮೇಡಂ," ಎಂದನು. "ಆಮ್ಯಾಲೆ ಬಿಚ್ಚೋಣು."