ಹದಿನೇಳು ಗೀಟು, ಒಂದು ಫ್ಲಾಸ್ಕು

ಎಲ್ಲಕ್ಕೂ ಮೂಲ ಒಂದು ಸದ್ದು. ಬಿಯರ್ ಬಾಟಲಿಯ ಮುಚ್ಚಳ ತೆಗೆದಾಗ ಬರುವ ‘ಟಪ್’ ಎಂಬ ಸದ್ದು.

ಕನ್ನಡಕದಂಗಡಿ ಇಟ್ಟಿದ್ದ ಆ ಮನುಷ್ಯನಿಗೂ ಅವನ ಹೆಂಡತಿಗೂ ಬಿಯರ್ ಎಂದರೆ ಪ್ರಾಣ. ಹಾಗೆಂದು ಕುಡುಕರಲ್ಲ. ವಾರಕ್ಕೊಂದು ದಿನ, ಶನಿವಾರ ಸಂಜೆ ಏಳಕ್ಕೆ, ತಲೆಗೊಂದು ಬಾಟಲಿ. ಆದರೆ ಅವರಿದ್ದ ಕಟ್ಟಡದಲ್ಲಿ ಹದಿನಾರು ಮನೆ, ಗೋಡೆಗಳೋ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಮೂರನೇ ಮನೆಯವರು ಸೀನಿದರೆ ಎಂಟನೇ ಮನೆಯವರು ಕಷಾಯ ಹೇಳುತ್ತಿದ್ದರು. ಅಂಥಲ್ಲಿ ‘ಟಪ್’ ಅನ್ನಿಸುವುದು ಹೇಗೆ?

ಉಪಾಯ ಹೊಳೆದದ್ದು ಅವನಿಗೇ. ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟ ಹಳೆಯ ಪದ್ಯಗಳು ನೂರಾರು ಅವನ ಬಾಯಲ್ಲಿದ್ದವು. ಶನಿವಾರ ಏಳಕ್ಕೆ ಕಿಟಕಿ ಮುಚ್ಚಿ ಎತ್ತರದ ದನಿಯಲ್ಲಿ ಪದ್ಯ ಎತ್ತಿಕೊಳ್ಳುತ್ತಿದ್ದ. ಮೂರನೆಯ ಸಾಲಿನ ಕೊನೆಗೆ ರಾಗ ಮೇಲಕ್ಕೇರಿ ನಿಂತಾಗ ಹೆಂಡತಿ ಟವೆಲು ಸುತ್ತಿದ ಬಾಟಲಿಗಳನ್ನು ಒಂದರ ಹಿಂದೊಂದು ತೆರೆಯುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು. ಒಂದು ಗುಟುಕು, ಒಂದು ಪದ್ಯ. ಕಟ್ಟಡದವರು ಅವನಿಗೆ ‘ಪದ್ಯದಯ್ಯ’ ಎಂದು ಹೆಸರಿಟ್ಟರು.

ನೆಲಮಹಡಿಯ ಅಜ್ಜಿ ಮಾತ್ರ ಹೆಸರಿಟ್ಟು ಸುಮ್ಮನಾಗಲಿಲ್ಲ. ಅವರ ಮನೆ ಇವರ ಮನೆಯ ನೇರ ಕೆಳಗೆ. ಶನಿವಾರ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಕೈ ಮುಗಿದು ಕೇಳುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ, “ಕಂದಾ, ನಿನ್ನ ಪದ್ಯ ಕೇಳಿಕೊಂಡೇ ಈ ಮುದುಕಿ ಒಂದು ವಾರದಿಂದ ಇನ್ನೊಂದು ವಾರಕ್ಕೆ ದಾಟ್ತಿದ್ದಾಳೆ” ಎನ್ನುತ್ತಿದ್ದರು. ಪದ್ಯದಯ್ಯನಿಗೆ ಆಗ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಅಪ್ಪ ಪದ್ಯ ಹೇಳಿಕೊಡುವಾಗ, ಮುಗಿಯುವ ತನಕ ಒಂದು ಹನಿ ನೀರನ್ನೂ ಕುಡಿಯಗೊಡುತ್ತಿರಲಿಲ್ಲ.

ಹೀಗಿರುವಾಗ ಗಂಡ ಹೆಂಡತಿಗೆ ಒಂದು ಆಸೆ ಹುಟ್ಟಿತು. ಜನ್ಮದಲ್ಲಿ ಒಂದು ಸಲವಾದರೂ ಕಿಟಕಿ ತೆರೆದುಕೊಂಡು, ಪದ್ಯವಿಲ್ಲದೆ, ನಾಲ್ಕು ಜನರ ನಡುವೆ ಕೂತು ಬಿಯರ್ ಕುಡಿಯಬೇಕು. ಅದಕ್ಕೆ ಪರದೇಶವೇ ಸರಿ. ಬಿಯರಿಗೇ ಹೆಸರಾದ ಒಂದು ಊರನ್ನು ಆರಿಸಿದರು. ಯಾಕೆ ಹೋಗುತ್ತೀರೆಂದು ಕಟ್ಟಡದವರು ಕೇಳಿದಾಗ, ಆ ಊರಿನ ಗುಡ್ಡದ ಮೇಲೊಂದು ಹಳೆಯ ಕಲ್ಲುಗುಡಿ ಇದೆಯಂತೆ, ಅಲ್ಲಿನ ಬುಗ್ಗೆಯ ನೀರು ಬಹಳ ಪವಿತ್ರವಂತೆ ಎಂದು ಹೆಂಡತಿ ಎಲ್ಲೋ ಓದಿದ್ದನ್ನು ಹೇಳಿಬಿಟ್ಟಳು.

ಆ ಒಂದು ಮಾತು ಎರಡು ಮರಿ ಹಾಕಿತು. ಅಜ್ಜಿ ತಿರುಪು ಮುಚ್ಚಳದ ಒಂದು ಸ್ಟೀಲ್ ಫ್ಲಾಸ್ಕಿಗೆ ತಾವೇ ಉಣ್ಣೆಯ ಅಂಗಿ ಹೆಣೆದು ತಂದುಕೊಟ್ಟರು. “ನನ್ನ ಮಂಡಿ ಆ ಗುಡ್ಡ ಹತ್ತೋ ಕಾಲ ಮುಗೀತು. ನಿನ್ನ ಕೈಯಾರೆ ಒಂದಿಷ್ಟು ನೀರು ತುಂಬಿಸ್ಕೊಂಡು ಬಾ ಕಂದಾ. ಬೇರೇನೂ ಬೇಡ.” ಕಟ್ಟಡದ ಸಂಘದ ಕಾರ್ಯದರ್ಶಿ ಇದನ್ನು ಕೇಳಿಸಿಕೊಂಡು, ಇಂಥ ಪುಣ್ಯವಂತರ ಜೊತೆ ಹೋಗದೆ ಇನ್ನಾರ ಜೊತೆ ಹೋಗುವುದು ಎಂದು ತನಗೂ ತನ್ನ ಹೆಂಡತಿಗೂ ಅದೇ ವಿಮಾನದಲ್ಲಿ ಸೀಟು ಮಾಡಿಸಿಕೊಂಡ.

ಮೂರು ದಿನ ಕಾರ್ಯದರ್ಶಿ ಅವರನ್ನು ಬಿಟ್ಟು ಕದಲಲಿಲ್ಲ. ಪಾಳುಗೋಡೆ ತೋರಿಸಿದ, ಗಡಿಯಾರದ ಗೋಪುರ ತೋರಿಸಿದ, ಒಂದು ವಸ್ತುಸಂಗ್ರಹಾಲಯದಲ್ಲಿ ಬರೀ ಕುಂಬಾರಿಕೆಯ ಚೂರುಗಳನ್ನು ಎರಡು ಗಂಟೆ ನೋಡಿಸಿದ. ಬೀದಿಯ ಎರಡೂ ಕಡೆ ಜನ ಬೆಳ್ನೊರೆಯ ಗ್ಲಾಸು ಹಿಡಿದು ಕೂತಿದ್ದರೆ, ಇವರಿಬ್ಬರೂ ಬಾಟಲಿ ನೀರು ಕುಡಿಯುತ್ತ ಅವರನ್ನು ದಾಟಿ ಹೋಗುತ್ತಿದ್ದರು. “ಕಣ್ಣು ಹಾಳು ಮಾಡ್ಕೋಬೇಡಿ ಪದ್ಯದಯ್ಯನವರೇ, ಆ ಕಡೆ ನೋಡಲೇಬೇಡಿ” ಎಂದು ಕಾರ್ಯದರ್ಶಿ ಅಡ್ಡ ನಿಲ್ಲುತ್ತಿದ್ದ.

ಕೊನೆಯ ದಿನ ಶನಿವಾರ. ಬೆಳಗಿನ ತಿಂಡಿಯ ಮೇಜಿನಲ್ಲಿ ಪದ್ಯದಯ್ಯ ತಟ್ಟೆ ನೋಡುತ್ತಲೇ ಒಂದು ಸುಳ್ಳು ಹೇಳಿದ. ಗುಡ್ಡವನ್ನು ಗಂಡ ಹೆಂಡತಿ ಇಬ್ಬರೇ ಹತ್ತಬೇಕೆಂದು ತಮ್ಮ ಮನೆಯ ಹರಕೆಯಿದೆ, ಬೇರೆಯವರ ನೆರಳೂ ಬೀಳಬಾರದು. ಕಾರ್ಯದರ್ಶಿ ಎದ್ದು ನಿಂತು ಕೈ ಮುಗಿದ. ತಾವಿಬ್ಬರೂ ಪೇಟೆ ಸುತ್ತಿಕೊಂಡಿರುವುದಾಗಿ ಹೇಳಿ, ಫ್ಲಾಸ್ಕು ಮರೆಯಬೇಡಿ ಎಂದು ಎರಡು ಸಲ ನೆನಪಿಸಿದ.

ಗುಡ್ಡ ಎಡಕ್ಕಿತ್ತು. ಇವರು ಬಲಕ್ಕೆ ತಿರುಗಿದರು.

ಆ ಬಿಯರ್ ಮನೆ ಇನ್ನೂರು ವರ್ಷದ್ದು. ಹಿಂದಿನ ಅಂಗಳದಲ್ಲಿ ಕಾಯಿಸಿ ಹುದುಗಿಸಿ ಮುಂದಿನ ಹಜಾರದಲ್ಲಿ ಬಡಿಸುತ್ತಿದ್ದರು. ಉದ್ದುದ್ದ ಮರದ ಮೇಜು, ಅಪರಿಚಿತರೆಲ್ಲ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಗೋಡೆಗೆ ಎರಡಾಳೆತ್ತರದ ಕಿಟಕಿ, ಪೂರಾ ತೆರೆದಿತ್ತು. ಹೆಂಡತಿ ಅದರೆದುರಿಗೇ ಜಾಗ ಹಿಡಿದಳು. ನೀಲಿ ಏಪ್ರನ್ನಿನ ದಢೂತಿ ಬಡಿಸುವವನು ಬಂದು, ಕೇಳದೆಯೇ ಎರಡು ಪುಟ್ಟ ಗ್ಲಾಸು ಇಟ್ಟು, ಒಂದರಡಿಯ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಿಂದ ಎರಡು ಗೀಟು ಎಳೆದು ಹೋದ.

ಮೊದಲ ಗುಟುಕಿಗೆ ಇಬ್ಬರೂ ಕಣ್ಣು ಮುಚ್ಚಿದರು. ಹೊಸ ಕನ್ನಡಕ ಹಾಕಿಕೊಂಡ ಗಿರಾಕಿ ಮೊದಲ ಸಲ ಬೀದಿಯ ಬೋರ್ಡು ಓದಿದಾಗ ಅವನ ಮುಖದಲ್ಲಿ ಬರುತ್ತದಲ್ಲ, ಅಂಥ ಬೆಳಕು ಹೆಂಡತಿಯ ಮುಖದಲ್ಲಿ ಕಂಡಿತು.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಗ್ಲಾಸು ಖಾಲಿಯಾದರೆ ಬಡಿಸುವವನು ತಾನಾಗಿ ಇನ್ನೊಂದು ತಂದಿಡುತ್ತಾನೆ. ಸಾಕೆನ್ನುವವರು ರಟ್ಟಿನ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಊರಿನ ಮಕ್ಕಳಿಗೂ ಗೊತ್ತಿದ್ದ ಈ ಸಂಗತಿ ಇವರಿಬ್ಬರಿಗೆ ಗೊತ್ತಿರಲಿಲ್ಲ. ಎರಡು ಮುಗಿದವು, ಎರಡು ಬಂದವು. ತಂದಿಟ್ಟದ್ದನ್ನು ಬಿಟ್ಟೇಳುವ ಅಭ್ಯಾಸ ಇಬ್ಬರ ಮನೆತನದಲ್ಲೂ ಇರಲಿಲ್ಲ. ಆರನೆಯದಕ್ಕೆ ಪದ್ಯದಯ್ಯ ಅಂಗೈ ಬಿಡಿಸಿ ಸಾಕು ಎಂದು ಸನ್ನೆ ಮಾಡಿದ. ಬಡಿಸುವವನು ಬೆರಳು ಎಣಿಸಿ, ಮೆಚ್ಚುಗೆಯಿಂದ ತಲೆದೂಗಿ, ಐದು ತಂದಿಟ್ಟ.

“ರೀ, ಇವನು ನಮ್ಮನ್ನ ಸಾಯಿಸ್ತಾನೆ” ಎಂದಳು ಹೆಂಡತಿ.

“ಅವಮಾನ ಮಾಡಬಾರದು ಕಣೇ. ಪರದೇಶ” ಎಂದು ಅವನು ಇನ್ನೊಂದು ಎತ್ತಿಕೊಂಡ.

ಹನ್ನೆರಡನೆಯದರ ಹೊತ್ತಿಗೆ ಹೆಂಡತಿಗೆ ಅಜ್ಜಿ ನೆನಪಾದರು. ಗುಡ್ಡ ಹತ್ತುವ ಸ್ಥಿತಿ ಮೀರಿತ್ತು. ಇಲ್ಲಿಯ ನಲ್ಲಿ ನೀರನ್ನೇ ತುಂಬಿಸಿಬಿಡೋಣವೆಂದು ಫ್ಲಾಸ್ಕು ಹಿಡಿದು ಎದ್ದು ಹೋದಳು, ತೊಳೆದಳು, ತುಂಬಿಸಲು ಕೈ ಬರಲಿಲ್ಲ. ಖಾಲಿ ಫ್ಲಾಸ್ಕನ್ನೇ ತಂದು ಮುಚ್ಚಳ ಹಾಕದೆಯೇ ಮೇಜಿನ ತುದಿಗಿಟ್ಟು, “ಆ ಅಂಗಿ ಹೆಣೆಯೋಕೆ ಅವರಿಗೆ ಎಷ್ಟು ದಿನ ಹಿಡೀತೋ” ಎಂದು ಮೂಗು ಒರೆಸಿಕೊಂಡಳು.

ಪದ್ಯದಯ್ಯನೂ ಆ ಅಂಗಿಯನ್ನೇ ನೋಡಿದ. ದುಃಖ ನುಂಗಲು ಒಂದು ದೊಡ್ಡ ಗುಟುಕು ಹಾಕಿದ. ಆಗಲೇ ಅನಾಹುತವಾದದ್ದು. ಒಂಬತ್ತು ವರ್ಷದಿಂದ ಆ ರುಚಿ ನಾಲಿಗೆಗೆ ತಾಗಿದೊಡನೆ ಆ ಬಾಯಿಂದ ಹೊರಟದ್ದು ಒಂದೇ ವಸ್ತು. ಇಷ್ಟು ಹೊತ್ತು ಹಲ್ಲು ಕಚ್ಚಿ ತಡೆದಿದ್ದ. ಇನ್ನು ತಡೆಯಲಾಗಲಿಲ್ಲ. ಪದ್ಯದಯ್ಯ ಎದ್ದು ನಿಂತು, ತುಂಬಿದ ಹಜಾರದ ನಡುವೆ, ಎತ್ತರದ ದನಿಯಲ್ಲಿ ಪದ್ಯ ಎತ್ತಿಕೊಂಡ.

ಅರಸನೊಬ್ಬ ತನ್ನ ತಪ್ಪಿಗೆ ನಾಚಿ ತುಂಬಿದ ಸಭೆಯಲ್ಲಿ ತಲೆತಗ್ಗಿಸಿ ನಿಲ್ಲುವ ಭಾಗ ಅದು. ಅಪ್ಪ ಅದನ್ನು ಹೇಳುವಾಗ ಕೇಳುವವರು ಅಳುತ್ತಿದ್ದರು. ಹಜಾರದವರೆಲ್ಲ ಮೊದಲು ತಿರುಗಿ ನೋಡಿದರು. ಆಮೇಲೆ ಯಾರೋ ಮೇಜು ಕುಟ್ಟಿದರು. ಮೂರು, ನಾಲ್ಕು; ಮೂರು, ನಾಲ್ಕು; ಪದ್ಯದ ನಡೆ ಅವರಿಗೆ ಹೇಗೆ ಸಿಕ್ಕಿತೋ, ನೂರು ಕೈ ತಾಳ ಹಾಕತೊಡಗಿದವು. ಹೆಂಡತಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಖಾಲಿ ಪಾತ್ರೆ ಕಂಡರೆ ಆಗದ ಆ ಬಡಿಸುವವನು ಕಣ್ಣೊರೆಸಿಕೊಳ್ಳುತ್ತ ಮೇಜಿನ ಸುತ್ತ ತನ್ನ ಕೆಲಸ ತಾನು ಮಾಡುತ್ತಿದ್ದ. ಪದ್ಯದಯ್ಯನಿಗೆ ಒಳಗೆ ನಾಚಿಕೆ, ಹೊರಗೆ ರಾಗ. ನಾಚಿಕೆ ಹೆಚ್ಚಿದಷ್ಟೂ ರಾಗ ಏರಿತು.

ಆ ದೊಡ್ಡ ಕಿಟಕಿ ತೆರೆದೇ ಇತ್ತಲ್ಲ. ಪರದೇಶದ ಬೀದಿಯಲ್ಲಿ ತಮ್ಮ ಭಾಷೆ ಕಿವಿಗೆ ಬಿದ್ದರೆ ಯಾರು ತಾನೇ ನಿಲ್ಲದೆ ಹೋಗುತ್ತಾರೆ? ಪದ್ಯ ಮುಗಿದು ಕಣ್ಣು ತೆರೆದಾಗ ಪದ್ಯದಯ್ಯನ ಎದುರಿಗೆ ಕಾರ್ಯದರ್ಶಿ, ಅವನ ಹಿಂದೆ ಅವನ ಹೆಂಡತಿ.

ಎಲ್ಲ ಮುಗಿಯಿತು ಎಂದುಕೊಂಡ ಪದ್ಯದಯ್ಯ. ಇನ್ನೆರಡು ದಿನಕ್ಕೆ ಅಜ್ಜಿಯ ಕಿವಿಗೆ ಬೀಳುತ್ತದೆ. ಕೈ ಮುಗಿದು ಕೂತ ಆ ಮುಖವನ್ನು ಇನ್ನು ಹೇಗೆ ನೋಡುವುದು? ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಬಂದದ್ದು ಕಣ್ಣೀರು.

ಕಾರ್ಯದರ್ಶಿ ಅವನ ಎರಡೂ ಕೈ ಹಿಡಿದುಕೊಂಡ. “ಏನೂ ಹೇಳಬೇಡಿ. ನನಗೆ ಅರ್ಥವಾಯ್ತು. ಗುಡ್ಡ ಇಳಿದು ಸುಮ್ಮನೆ ರೂಮಿಗೆ ಹೋಗಬಹುದಿತ್ತು. ಕುಡುಕರಿಗೂ ಒಂದು ಒಳ್ಳೇ ಮಾತು ಬೀಳಲಿ ಅಂತ ಇಂಥ ಜಾಗಕ್ಕೆ ಬಂದು ಹೇಳಿದಿರಲ್ಲ.” ಮೇಜಿನ ಮೇಲೆ ಆಗಷ್ಟೇ ಬಂದು ಕೂತ ಗ್ಲಾಸು ಅಂಚಿನವರೆಗೆ ತುಂಬಿತ್ತು. ಅದನ್ನು ತೋರಿಸಿ ತನ್ನ ಹೆಂಡತಿಗೆ, “ನೋಡು, ಇವರ ಮುಂದೂ ತಂದಿಟ್ಟಿದ್ದಾರೆ. ತುಟಿ ತಾಗಿಸಿಲ್ಲ” ಎಂದ. ಆಮೇಲೆ ರಟ್ಟಿನ ಬಿಲ್ಲೆ ಎತ್ತಿಕೊಂಡು ಗೀಟು ಎಣಿಸಿದ. “ಹದಿನೇಳು. ಒಂದೊಂದು ಪದ್ಯಕ್ಕೆ ಒಂದೊಂದು ಗುರುತು. ಹದಿನೇಳು ಪದ್ಯ ಹೇಳಿದ್ದಾರೆ ಮಹಾನುಭಾವರು.” ಹೇಳಿ, ಆ ಪಾಪದ ವಸ್ತು ಯಾರ ಕಣ್ಣಿಗೂ ಬೀಳದಿರಲೆಂದು ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಿದ.

ಬಡಿಸುವವನು ದೂರದಿಂದಲೇ ತಲೆಬಾಗಿ ತಟ್ಟೆ ಕೆಳಗಿಳಿಸಿದ. ಪದ್ಯದಯ್ಯನ ಹೆಂಡತಿ ಬೆನ್ನ ಹಿಂದಿನಿಂದ ಅವನಿಗೆ ದುಡ್ಡು ದಾಟಿಸಿದ್ದನ್ನು ಕಂಡು, ಕಾಣಿಕೆ ಬೇರೆ ಕೊಡುತ್ತಾರೆ ಎಂದು ಕಾರ್ಯದರ್ಶಿಯ ಹೆಂಡತಿ ಪಿಸುಗುಟ್ಟಿದಳು. ಕಾರ್ಯದರ್ಶಿ ಮೇಜಿನ ತುದಿಯ ಫ್ಲಾಸ್ಕು ಎತ್ತಿದ. ಮುಚ್ಚಳ ಬಿಗಿಯಾಗಿತ್ತು. ಭಾರವಾಗಿತ್ತು.

“ಬುಗ್ಗೆ ನೀರು. ಇದು ನನ್ನ ಕೈಯಲ್ಲಿರಲಿ. ಅಜ್ಜಿಗೆ ನಾನೇ ತಲುಪಿಸ್ತೀನಿ.”

ಪದ್ಯದಯ್ಯ ಹೆಂಡತಿಯ ಕಡೆ ನೋಡಿದ. ಕೊನೆಗೂ ನಲ್ಲಿ ನೀರು ತುಂಬಿಸಿಬಿಟ್ಟಳು ಎಂದುಕೊಂಡ. ಅವಳೂ ಗಂಡನ ಬಗ್ಗೆ ಅದನ್ನೇ ಅಂದುಕೊಂಡಳು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ವಿಮಾನದಲ್ಲಿ ಕಿಟಕಿಯಾಚೆ ನೋಡುತ್ತ ಅವನು, “ಇನ್ನು ಬಿಯರ್ ಮುಟ್ಟೋದಿಲ್ಲ ಕಣೇ” ಎಂದ. ಅವಳು ಹೂಂ ಎಂದಳು.

ಊರಿಗೆ ಬಂದ ಮಾರನೆಯ ದಿನವೇ ಕಾರ್ಯದರ್ಶಿ ನೋಟಿಸ್ ಬೋರ್ಡಿನಲ್ಲಿ ಎಲ್ಲವನ್ನೂ ಬರೆದು ಅಂಟಿಸಿದ. ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು: ಪ್ರತಿ ಶನಿವಾರ ಸಂಜೆ ಏಳಕ್ಕೆ ಕಟ್ಟಡದ ಹಾಲ್‌ನಲ್ಲಿ ಪದ್ಯದಯ್ಯನವರಿಂದ ಪದ್ಯ, ಎಲ್ಲರೂ ಬರತಕ್ಕದ್ದು.

ಶನಿವಾರ ಹದಿನಾರು ಮನೆಯ ಜನವೂ ಬಂದರು. ಅಜ್ಜಿ ಮುಂದಿನ ಸಾಲಿನಲ್ಲಿ ಉಣ್ಣೆಯಂಗಿಯ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರಿಗೆ ನಲ್ಲಿ ನೀರು ಕುಡಿಸಿದ್ದೇನಲ್ಲ ಎಂದು ಪದ್ಯದಯ್ಯ ಅವರತ್ತ ಕಣ್ಣೆತ್ತಲಿಲ್ಲ. ಎದ್ದು ನಿಂತ. ಒಂದು ಲೋಟ ನೀರು ಕುಡಿದ. ಬಾಯಿ ತೆರೆದ.

ಒಂದಕ್ಷರ ಬರಲಿಲ್ಲ. ಇನ್ನೊಂದು ಲೋಟ ಕುಡಿದ. ಅಪ್ಪ ಹೇಳಿಕೊಟ್ಟ ನೂರಾರು ಪದ್ಯಗಳಲ್ಲಿ ಒಂದೂ, ಒಂದರ ಮೊದಲ ಸಾಲೂ ತಲೆಯಲ್ಲಿರಲಿಲ್ಲ. ಜನ ಕೆಮ್ಮಿದರು, ಕುರ್ಚಿಗಳು ಕಿರುಗುಟ್ಟಿದವು. ತಾನು ಹೇಳುತ್ತಿದ್ದ ಪದ್ಯದ ಅರಸನಂತೆಯೇ ಅವನು ತಲೆತಗ್ಗಿಸಿ ನಿಂತ.

“ಗಂಟಲು ಒಣಗಿದೆ ಪಾಪ” ಎಂದರು ಅಜ್ಜಿ. “ಆ ನೀರಲ್ಲ, ಇದನ್ನ ಕೊಡಿ. ಅವನೇ ತಂದದ್ದು.” ಹೇಳುತ್ತಲೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ಟಪ್.

ಆ ಸದ್ದು ಗಂಡ ಹೆಂಡತಿ ಇಬ್ಬರಿಗೂ ಅರ್ಥವಾಯಿತು. ಹೆಂಡತಿ ಕರವಸ್ತ್ರ ಹುಡುಕಿದಳು. ಪದ್ಯದಯ್ಯ ಫ್ಲಾಸ್ಕು ತೆಗೆದುಕೊಂಡು ಒಂದು ಗುಟುಕು ಹಾಕಿದ. ವಾರ ಕಳೆದು ಸಪ್ಪೆಯಾಗಿದ್ದರೂ ಅದೇ, ಇನ್ನೂರು ವರ್ಷದ ಮನೆಯದೇ. ನುಂಗಿದ ಮರುಕ್ಷಣ ಪದ್ಯ ಕಟ್ಟೆಯೊಡೆದು ಹರಿಯಿತು. ಹಿಂದೆಂದೂ ಅಂಥ ಪದ್ಯವನ್ನು ಆ ಕಟ್ಟಡ ಕೇಳಿರಲಿಲ್ಲ. ಮುಗಿದಾಗ ಕಾರ್ಯದರ್ಶಿ ಎದ್ದು, ಇದೆಲ್ಲ ಬುಗ್ಗೆಯ ನೀರಿನ ಮಹಿಮೆ, ಎಲ್ಲರಿಗೂ ಒಂದೊಂದು ಚಮಚ ಹಂಚೋಣ ಎಂದ. ಜನ ಕೈ ಚಾಚಿದರು. ಅಜ್ಜಿ ಫ್ಲಾಸ್ಕು ಕಸಿದುಕೊಂಡು ಎದೆಗೊತ್ತಿಕೊಂಡರು. “ಇದು ಮುದುಕಿಯ ಪಾಲು. ಯಾರೂ ಮುಟ್ಟಬೇಡಿ.”

ಜನ ಹೋದ ಮೇಲೆ ಪದ್ಯದಯ್ಯ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. “ಅಜ್ಜೀ, ತಪ್ಪಾಯ್ತು. ನಾನು ಆ ಗುಡ್ಡ ಹತ್ತಲೇ ಇಲ್ಲ. ಇದನ್ನ ಬಿಟ್ಟುಬಿಡ್ತೀನಿ.”

ಅಜ್ಜಿ ಅವನ ತಲೆ ನೇವರಿಸಿದರು. “ಒಂಬತ್ತು ವರ್ಷದಿಂದ ನಿನ್ನ ಮೂರನೇ ಸಾಲಿನ ಕೊನೆಗೆ ಎರಡು ಸಲ ಆ ಸದ್ದು ಕೇಳ್ತಿದ್ದೆ. ಏನೋ ತಾಳ ಹಾಕ್ತಾರೆ ಅಂದ್ಕೊಂಡಿದ್ದೆ. ಕಾರ್ಯದರ್ಶಿ ತಂದುಕೊಟ್ಟ ಫ್ಲಾಸ್ಕು ತೆಗೆದಾಗ ಅದೇ ತಾಳ ಬಂತು. ನೀನು ಬಿಟ್ಟರೆ ಪದ್ಯ ಬರೋದಿಲ್ಲ ಕಂದಾ, ಇವತ್ತು ನೋಡಿದ್ವಲ್ಲ. ಪದ್ಯ ಬರದಿದ್ದರೆ ನನಗೆ ವಾರ ದಾಟೋದಿಲ್ಲ.”

ಪದ್ಯದಯ್ಯ ತಲೆ ಎತ್ತಿದ.

“ಶನಿವಾರ ಎರಡು ಬಾಟಲಿ ತಾನೇ ನೀವು ತರೋದು? ಎರಡನ್ನೂ ಇದಕ್ಕೆ ಹುಯ್ದು ಏಳಕ್ಕೆ ಮುಂಚೆ ನನಗೆ ಕೊಟ್ಟುಬಿಡು. ಒಂದು ಗುಟುಕು ನಿನ್ನ ಪದ್ಯಕ್ಕೆ.” ಅಜ್ಜಿ ಮುಚ್ಚಳ ಬಿಗಿಮಾಡಿ ಉಣ್ಣೆಯಂಗಿ ಸರಿಪಡಿಸಿದರು. “ಉಳಿದದ್ದು ನನ್ನ ಮಂಡಿಗೆ. ನಾಲ್ಕು ದಿನದಿಂದ ಸವರಿ ನೋಡಿದೆ, ಗುಣ ಇಲ್ಲ. ಕುಡಿದು ನೋಡಿದೆ, ಇದೆ.”

ಅಂದಿನಿಂದ ಪ್ರತಿ ಶನಿವಾರ ಪದ್ಯ ತಪ್ಪಿಲ್ಲ. ಎಷ್ಟು ಕುಡಿದರೂ ಬತ್ತದ ಆ ಫ್ಲಾಸ್ಕನ್ನು ನೋಡಲು ಪಕ್ಕದ ಕಟ್ಟಡದವರೂ ಬರುತ್ತಾರೆ. ಒಂದು ಗುಟುಕಿನ ಮೇಲೆ ಪದ್ಯದಯ್ಯ ಹದಿನೇಳು ಪದ್ಯ ಎಳೆಯುತ್ತಾನೆ. ಅವನ ಹೆಂಡತಿ ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ, ಬಾಟಲಿ ನೀರು ಹಿಡಿದು ಕೂತಿರುತ್ತಾಳೆ.