ಗಾಜಣ್ಣನ ಗಾಡಿಗೆ ದೊಡ್ಡ ಸೈಲೆನ್ಸರ್

ಏರು ರಸ್ತೆಯಲ್ಲಿ ಒಂದು ಸೈಕಲ್ಲು ತನ್ನ ಪಿಕಪ್ ಗಾಡಿಯನ್ನು ಹಿಂದೆ ಹಾಕಿತೆಂಬ ಒಂದೇ ಸಂಕಟಕ್ಕೆ ಗಾಜಣ್ಣ ಹೊಸ ಸೈಲೆನ್ಸರ್ ಹಾಕಿಸಿದ. ಸೈಕಲ್ಲೇನೋ ಹಿಂದೆ ಹಾಕಲಿ, ಅದರ ಸವಾರ ಮೇಲೆ ಕೂತಾದರೂ ಇರಬೇಡವೇ? ಅವನು ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಹೋಗುವಾಗ ಕಿಟಕಿಯಲ್ಲಿ ಇಣುಕಿ, "ಬರ್ಲಾ ಅಣ್ಣ, ಸ್ವಲ್ಪ ಅರ್ಜೆಂಟಿದೆ" ಎಂದು ಬೇರೆ ಹೇಳಿದ್ದ.

ಗಾಜಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕಿಟಕಿ ಗಾಜು, ಕನ್ನಡಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುತ್ತ ಆ ಹೆಸರು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿ ಇದು ಅಂಟಿಕೊಂಡಿತ್ತು. ಕೊಂಡ ಹೊಸದರಲ್ಲಿ ಅವನ ಟರ್ಬೊ ಡೀಸೆಲ್ ಗಾಡಿ ಕುದುರೆಯ ಹಾಗಿತ್ತು. ಆಮೇಲೆ ಯಾರ ಕಣ್ಣು ಬಿತ್ತೋ, ಏರು ಕಂಡರೆ ಸಾಕು, ಏದುಸಿರು. ವಿಚಿತ್ರವೆಂದರೆ ತಿಂಗಳಿಗೊಮ್ಮೆ ಯಾವುದೋ ಒಂದು ದಿನ ಮತ್ತೆ ಕುದುರೆಯಾಗುತ್ತಿತ್ತು. ಮರುದಿನ ಅದೇ ಎಮ್ಮೆ.

"ಉಸಿರು ಕಟ್ಟಿದೆ," ಎಂದ ಮೆಕ್ಯಾನಿಕ್, ರೋಗಿಯ ನಾಡಿ ಹಿಡಿದವನಂತೆ ಬಾನೆಟ್ ಮೇಲೆ ಕೈಯಿಟ್ಟು. "ಟರ್ಬೊ ಅಂದ್ರೆ ಏನು? ಒಳಗೊಂದು ಫ್ಯಾನು. ಹೊಗೆ ಹೊರಗೆ ಹೋಗ್ತಾ ಅದನ್ನ ತಿರುಗಿಸ್ತದೆ. ಹೊಗೆಗೇ ದಾರಿ ಇಲ್ದಿದ್ರೆ ಫ್ಯಾನು ಹೇಗೆ ತಿರುಗ್ಬೇಕು ಪಾಪ? ಕೊಳವೆ ಅಗಲ ಮಾಡೋಣ. ಆಮೇಲೆ ನೋಡು, ಗಾಡಿಯಲ್ಲ, ಗುಂಡು!"

ಗಾಜಣ್ಣನಿಗೂ ಗುಂಡೇ ಬೇಕಾಗಿತ್ತು. ಗಾಜಿನಂಗಡಿ ಸಾಹುಕಾರರು ಖಡಾಖಂಡಿತವಾಗಿ ಹೇಳಿದ್ದರು: "ನಾಳೆ ಗುಡ್ಡದ ಮೇಲಿನ ಡ್ಯಾನ್ಸ್ ಶಾಲೆಗೆ ಗೋಡೆಯಗಲದ ಕನ್ನಡಿ ಹೋಗ್ಬೇಕು. ಮಕ್ಕಳು ಬರೋದ್ರೊಳಗೆ ನೆಟ್ಟಗೆ ಮುಟ್ಟಿಸಿದ್ಯೋ, ಅಲ್ಲಿ ಕಟ್ತಿರೋ ಹಾಸ್ಟೆಲಿನ ಗಾಜೆಲ್ಲ ವರ್ಷಪೂರ್ತಿ ನಿನ್ನ ಗಾಡೀಲೇ. ಇಲ್ದಿದ್ರೆ ಜಿಂಕೆಗೆ." ಜಿಂಕೆಯೆಂದರೆ ಎದುರು ಬೀದಿಯ ಇನ್ನೊಬ್ಬ ಪಿಕಪ್ ಡ್ರೈವರು. ಹೆಸರೇ ಅವನ ವೇಗ ಹೇಳುತ್ತಿತ್ತು.

ಹಾಗಾಗಿ ಆ ಸಂಜೆಯೇ ಮಗುವಿನ ತಲೆ ತೂರುವಷ್ಟು ಅಗಲದ ಕೊಳವೆ ಗಾಡಿಯ ಹೊಟ್ಟೆಯಡಿ ಕೂತಿತು. ಹಳೆಯದನ್ನು ಗುಜರಿಯವನು ತಕ್ಕಡಿಗೂ ಹಾಕದೆ ಹೊತ್ತೊಯ್ದ.

ಬೆಳಿಗ್ಗೆ ಗಾಜಣ್ಣ ಅಡುಗೆಮನೆಯ ಮರದ ಸ್ಟೂಲಿನ ಮೇಲೆ ಕೂತು ತಿಂಡಿ ತಿನ್ನುತ್ತಿದ್ದ. ಸ್ಟೂಲಿನ ಒಂದು ಕಾಲು ಎಷ್ಟೋ ತಿಂಗಳಿಂದ ಗಿಡ್ಡ. ಪ್ರತಿ ತುತ್ತಿಗೂ ಅವನು ದೋಣಿಯಲ್ಲಿ ಕೂತವನಂತೆ ಒಮ್ಮೆ ಓಲಾಡಬೇಕಿತ್ತು.

"ಈ ಸ್ಟೂಲಿಗೆ ಏನಾಯ್ತಮ್ಮ?"

"ಮರ ಅಲ್ವೇನೋ, ಸವೀತದೆ," ಎಂದಳು ಅಮ್ಮ, ಪಾತ್ರೆ ತೊಳೆಯುತ್ತ.

"ಒಂದೇ ಕಾಲು ಸವೀತದಾ?"

"ನಿಮ್ಮಪ್ಪನ ಚಪ್ಪಲೀನೂ ಒಂದೇ ಕಡೆ ಸವೀತಿತ್ತು. ಸುಮ್ನೆ ತಿನ್ನು."

ಅವನು ಎದ್ದಾಗ ಅಮ್ಮ ದಿನವೂ ಹೇಳುವ ಮಾತನ್ನೇ ಹೇಳಿದಳು: "ನಿಧಾನಕ್ಕೆ ಹೋಗಪ್ಪ."

ದಿನವೂ "ಹೂಂ" ಎನ್ನುತ್ತಿದ್ದವನು ಇವತ್ತು ಸಿಡುಕಿದ. "ಗಾಡಿ ವಿಷಯ ನಿಂಗೇನಮ್ಮ ಗೊತ್ತು? ನಿಧಾನ, ನಿಧಾನ ಅಂತ ಶಾಪ ಹಾಕಿ ಹಾಕೇ ಅದು ಹೀಗಾಗಿದೆ. ಇವತ್ತೊಂದಿನ ಬಾಯಿ ಮುಚ್ಕೊಂಡಿರು."

ಅಮ್ಮನ ಕೈ ನಲ್ಲಿಯ ಕೆಳಗೆ ಒಂದು ಗಳಿಗೆ ಹಾಗೇ ನಿಂತಿತು. ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಹೊರಗೆ ಬಂದು ಕೀಲಿ ತಿರುಗಿಸಿದ್ದೇ ತಡ, ಗುಡುಗು ಬೀದಿಗಿಳಿಯಿತು. ತಂತಿಯ ಮೇಲಿನ ಕಾಗೆಗಳು ಊರು ಬಿಟ್ಟವು. ಕೊಳವೆಯಿಂದ ಹೊರಟ ಮೊದಲ ಹೊಗೆ, ಬೇರೆಲ್ಲೂ ಹೋಗದೆ, ನೇರವಾಗಿ ಪಕ್ಕದ ಮನೆ ನರ್ಸಕ್ಕನ ಬಿಳಿ ಸಮವಸ್ತ್ರದ ಮೇಲೆ ಹೋಗಿ ಕೂತಿತು.

"ಅಯ್ಯೋ ನಿನ್ನ!" ಎಂದಳು ನರ್ಸಕ್ಕ. "ನಾನೇನು ಡ್ಯೂಟಿಗೆ ಹೋಗ್ತಿದ್ದೀನೋ, ಗಣಿ ಕೆಲಸಕ್ಕೋ? ಈಗ ವಾಪಸ್ ಹೋಗಿ ಬಟ್ಟೆ ಬದಲಾಯಿಸ್ಬೇಕು, ಬಸ್ಸು ತಪ್ಪತ್ತೆ. ನೀನೇ ಗುಡ್ಡದ ಕ್ಲಿನಿಕ್ಕಿಗೆ ಬಿಡ್ಬೇಕು ನೋಡು!"

ಅವಳು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಇದ್ದ ಹೊತ್ತಿನಲ್ಲಿ ಕಾಲುಭಾಗ ಕರಗಿತು. ಅಂಗಡಿಯಲ್ಲಿ ನಾಲ್ಕು ಜನ ಸೇರಿ ಕನ್ನಡಿಯನ್ನು ಮರದ ಚೌಕಟ್ಟಿಗೆ ನಿಲ್ಲಿಸಿ, ಕಂಬಳಿ ಸುತ್ತಿ, ಹಗ್ಗ ಬಿಗಿದರು. ಸಾಹುಕಾರರು ಹೊಸ ಸದ್ದು ಕೇಳಿ ಹುಬ್ಬೇರಿಸಿದರು. "ಪರವಾಗಿಲ್ವಲ್ಲೋ! ಇವತ್ತು ಗುಡ್ಡನೇ ಪಕ್ಕಕ್ಕೆ ಸರೀತದೆ."

ಗುಡ್ಡ ಸರಿಯಲಿಲ್ಲ. ಏರು ಶುರುವಾದಾಗ ಗಾಜಣ್ಣ ಆಕ್ಸಲರೇಟರನ್ನು ಪೂರ್ತಿ ಒತ್ತಿದ. ಸದ್ದು ಸಿಂಹದ್ದು, ನಡಿಗೆ ಮಾತ್ರ ಹಳೆಯ ಎಮ್ಮೆಯದೇ.

"ಸರಿಯಾಗಿ ಒತ್ತೋ!" ಎಂದಳು ನರ್ಸಕ್ಕ, ಕಿವಿ ಮುಚ್ಚಿಕೊಂಡು.

"ಒತ್ತಿದ್ದೀನಕ್ಕ! ಇನ್ನು ಒತ್ತಿದ್ರೆ ಕಾಲು ರಸ್ತೆಗೆ ತಾಗತ್ತೆ!"

"ನಾನು ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ನಾಲ್ಕು ಜನಕ್ಕೆ ಇಂಜೆಕ್ಷನ್ ಕೊಟ್ಟಿರ್ತಿದ್ದೆ. ಅಲ್ಲಾ, ಹಿಂದೆ ಅದೇನು ಗುಂಯ್ ಅಂತಿದೆ?"

ಗುಂಯ್ ಎನ್ನುತ್ತಿದ್ದುದು ಕನ್ನಡಿ. ದಪ್ಪ ಕೊಳವೆ ಗಾಡಿಯ ತಳಕ್ಕೆ ತಾಗಿ ಡೋಲು ಬಾರಿಸುತ್ತಿತ್ತು. ತಳದಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಗಾಜಿಗೆ ನಡುಕ ಹತ್ತಿತ್ತು. ನಿಧಾನ ಮಾಡೋಣವೆಂದರೆ ಹೊತ್ತು ಮೀರುತ್ತದೆ, ಮಾಡದಿದ್ದರೆ ಕನ್ನಡಿ ನಡುಗುತ್ತದೆ. ಗಾಜಣ್ಣ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಹಿಂದಕ್ಕೆ ಇಟ್ಟು, ಮೂರನೆಯದಿಲ್ಲದ್ದಕ್ಕೆ ಮರುಗುತ್ತ ಹೇಗೋ ತುದಿ ಮುಟ್ಟಿಸಿದ. ಶಾಲೆಯ ಮೆಟ್ಟಿಲ ಮೇಲೆ ಮಕ್ಕಳೆಲ್ಲ ಆಗಲೇ ಗೆಜ್ಜೆ ಕಟ್ಟಿಕೊಂಡು ಕೂತಿದ್ದರು.

ಕಂಬಳಿ ಬಿಚ್ಚಿದರೆ ಕನ್ನಡಿಗೆ ಮೂಲೆಯಿಂದ ಮೂಲೆಗೆ ಒಂದೇ ಒಂದು ಗೆರೆ. ಗೆರೆಯ ಈಚೆ ಗಾಜಣ್ಣನ ತಲೆ, ಆಚೆ ಮುಂಡ. ಎರಡಕ್ಕೂ ಒಂದಕ್ಕೊಂದು ಪರಿಚಯವೇ ಇದ್ದಂತಿರಲಿಲ್ಲ.

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನಿನಲ್ಲಿ ತಣ್ಣಗೆ, "ಹೋಗ್ಲಿ ಬಿಡು, ಹಾಸ್ಟೆಲ್ ಕೆಲಸ ಜಿಂಕೆಗೆ ಹೇಳ್ತೀನಿ. ಈ ಸದ್ದು ಇಟ್ಕೊಂಡು ನನ್ನ ಅಂಗಡಿ ಹತ್ರ ಮಾತ್ರ ಬರ್ಬೇಡಪ್ಪ," ಎಂದರು.

ಗಾಜಣ್ಣ ಸೀದಾ ಮೆಕ್ಯಾನಿಕ್‌ನ ಶೆಡ್ಡಿಗೆ ಬಂದ. "ಎಲ್ಲೋ ನಿನ್ನ ಗುಂಡು? ನನ್ನ ಹಳೇ ಸೈಲೆನ್ಸರ್ ವಾಪಸ್ ಕೊಡು!"

"ಅದು ಇಷ್ಟೊತ್ತಿಗೆ ಕರಗಿ ಬಕೆಟ್ ಆಗಿರ್ತದೆ," ಎಂದ ಮೆಕ್ಯಾನಿಕ್, ಅರ್ಧ ಹೆಜ್ಜೆ ಹಿಂದೆ ಸರಿದು. "ತಾಳು, ನೋಡ್ತೀನಿ." ಸೀಟಿನಲ್ಲಿ ಕೂತು ಆಕ್ಸಲರೇಟರ್ ಒತ್ತಿದ. ಮತ್ತೊಮ್ಮೆ ಒತ್ತಿದ. ಬಗ್ಗಿ ಕಾಲಡಿಯ ಹಾಸನ್ನು ಎಳೆದ. ಹಳೆಯ ಪ್ಯಾಂಟುಗಳ ತುಂಡು ಜೋಡಿಸಿ ಅಮ್ಮ ಕೈಯಾರೆ ಹೊಲಿದುಕೊಟ್ಟ ದಪ್ಪ ಹಾಸು ಅದು. ತಿಂಗಳಿಗೊಮ್ಮೆ ಅವಳೇ ಒಯ್ದು ಒಗೆದು, ಒಣಗಿಸಿ, ಮರುದಿನ ತಂದು ಹಾಕುತ್ತಿದ್ದಳು. ಪೆಡಲಿನ ಕೆಳಗೆ ಬರುವ ಜಾಗದಲ್ಲಿ ಅದಕ್ಕೊಂದು ಜೇಬು. ಮೆಕ್ಯಾನಿಕ್ ಹೊಲಿಗೆ ಬಿಚ್ಚಿದ. ಎರಡು ಬೆರಳು ದಪ್ಪದ ಒಂದು ಮರದ ತುಂಡು ಅವನ ಅಂಗೈಗೆ ಬಿತ್ತು.

"ಪೆಡಲು ಅರ್ಧಕ್ಕೇ ನಿಲ್ತಿತ್ತಲ್ಲೋ ಮಾರಾಯ! ನಾವು ಮೂಗು ಕಟ್ಟಿದೆ ಅಂದ್ಕೊಂಡು ಬಾಯಿ ಅಗಲ ಮಾಡಿದ್ವಿ."

ಗಾಜಣ್ಣ ಮರದ ತುಂಡನ್ನು ತಿರುಗಿಸಿ ನೋಡಿದ. ಒಂದು ತುದಿ ನೆಲಕ್ಕೆ ಉಜ್ಜಿ ನುಣುಪಾಗಿತ್ತು. ಅದಕ್ಕೆ ಅಡುಗೆಮನೆಯ ಸ್ಟೂಲಿನ ಹಸಿರು ಬಣ್ಣವಿತ್ತು.

ಹಾಸು ಒಗೆದ ದಿನವೇ ಗಾಡಿ ಕುದುರೆಯಾಗುತ್ತಿದ್ದುದು ಈಗ ಹೊಳೆಯಿತು. ಗಾಡಿ ಕೊಂಡ ಹೊಸದರಲ್ಲಿ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದದ್ದೂ ನೆನಪಾಯಿತು. ಬೀದಿಯ ತಿರುವಿನಲ್ಲಿ ಅವಳು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಂದು ಮಾತೂ ಆಡದೆ ಇಳಿದು, ಚೊಂಬು ನೀರು ಎತ್ತಿ ಕುಡಿದಿದ್ದಳು. ಮರುದಿನ ಸೂಜಿ ದಾರ ಹಿಡಿದು ಕೂತಿದ್ದಳು.

ಸಿಟ್ಟು ನೆತ್ತಿಗೇರಿತು. "ಇವತ್ತು ಕೇಳೇಬಿಡ್ತೀನಿ!" ಎಂದು ಗಾಡಿ ಹತ್ತಿ, ಬರಿಯ ಹಾಸಿನ ಮೇಲೆ ಕಾಲಿಟ್ಟು ಒತ್ತಿದ. ಗುಂಡು ಕೊನೆಗೂ ಹಾರಿತು. ಎಷ್ಟು ಹಾರಿತೆಂದರೆ, ಮನೆ ಬೀದಿಯ ತಿರುವಿನಲ್ಲಿ ಎರಡು ಚಕ್ರ ನೆಲದ ಆಸೆಯನ್ನೇ ಬಿಟ್ಟವು. ಗೋಡೆ ಎದುರಿಗೆ ಬಂತು, ಪಕ್ಕಕ್ಕೆ ಹೋಯಿತು. ಗಾಜಣ್ಣ ಬ್ರೇಕು ತುಳಿದು ನಿಲ್ಲಿಸಿ, ಅಮ್ಮನಂತೆಯೇ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅಲ್ಲಿಂದ ಮನೆಯವರೆಗೆ ಅವನು ಬಂದ ವೇಗ ಕಂಡಿದ್ದರೆ ಆ ಸೈಕಲ್ಲಿನವನು ಅಯ್ಯೋ ಪಾಪ ಎನ್ನುತ್ತಿದ್ದ.

ಅಮ್ಮ ಆಗಲೇ ಬಾಗಿಲಲ್ಲಿದ್ದಳು.

"ಈ ಸದ್ದು ಚೆನ್ನಾಗಿದೆ ಕಣೋ," ಎಂದಳು. "ಮೊದಲೆಲ್ಲ ನೀನು ಬರೋವರೆಗೂ ಕಿವೀನ ಬಾಗಿಲಲ್ಲಿ ಇಟ್ಕೊಂಡೇ ಕೆಲಸ ಮಾಡ್ಬೇಕಿತ್ತು. ಈಗ ಆ ದೊಡ್ಡ ರಸ್ತೇಲಿರೋವಾಗ್ಲೇ ಬಂದ ಅಂತ ಗೊತ್ತಾಗತ್ತೆ. ಕನ್ನಡಿ ನೆಟ್ಟಗೆ ಮುಟ್ತಾ?"

ದಾರಿಯುದ್ದಕ್ಕೂ ಪೋಣಿಸಿಕೊಂಡು ಬಂದ ಮಾತನ್ನೆಲ್ಲ ಬಿಟ್ಟು ಗಾಜಣ್ಣ ಮರದ ತುಂಡನ್ನು ಜೇಬಿನ ಆಳಕ್ಕೆ ತಳ್ಳಿದ. ಬೆಳಿಗ್ಗೆ ಆಡಿದ ಮಾತೊಂದು ಮಾತ್ರ ತಿರುಗಿ ಬಂದು ಚುಚ್ಚಿತು.

"ಮುಟ್ತಮ್ಮ," ಎಂದ.

ಅವಳು ನೀರು ತರಲು ಹೋದಾಗ ಅವನು ಅಂಟು ಹಚ್ಚಿ, ಮೊಳೆ ಹೊಡೆದು, ಮರದ ತುಂಡನ್ನು ಸ್ಟೂಲಿನ ಕಾಲಿಗೆ ಸೇರಿಸಿದ. ಕೂತು ನೋಡಿದ. ಸ್ಟೂಲು ಬಂಡೆಯಂತೆ ನಿಂತಿತು. ಅಮ್ಮ ಲೋಟ ಕೈಗಿಟ್ಟಳು, ಸ್ಟೂಲಿನ ಕಾಲು ನೋಡಿದಳು, ಅವನ ಮುಖ ನೋಡಿದಳು. "ಗಾಡಿ ಹಾಸು ಮಣ್ಣಾಗಿದೆಯೇನೋ, ಕೊಡವಿ ಹಾಕ್ತೀನಿ," ಎಂದು ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ಗಾಜಣ್ಣ ತಟ್ಟೆ ಹಿಡಿದು ನೆಮ್ಮದಿಯಾಗಿ ಸ್ಟೂಲಿನ ಮೇಲೆ ಕೂತ. ಮೊದಲ ತುತ್ತಿಗೇ ಸ್ಟೂಲು ಓಲಾಡಿತು, ಈ ಸಲ ಇನ್ನೊಂದು ಕಡೆಗೆ.

ಅಮ್ಮ ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಇವತ್ತು ಅವಳು ಬಾಯಿ ಬಿಡಲಿಲ್ಲ. ಗಾಜಣ್ಣ ಹಳೆಯ ಪೇಪರೊಂದನ್ನು ಮಡಚಿ ಹೊಸದಾಗಿ ಗಿಡ್ಡವಾಗಿದ್ದ ಕಾಲಿನಡಿ ಇಟ್ಟ. ಎದ್ದು ಕೀಲಿ ತೆಗೆದುಕೊಂಡ. ಬಾಗಿಲ ತನಕ ಹೋದವನು ಅಲ್ಲೇ ಸ್ವಲ್ಪ ನಿಂತು ನೋಡಿ, ಕೊನೆಗೆ ತಾನೇ ಹೇಳಿದ:

"ನಿಧಾನಕ್ಕೇ ಹೋಗ್ತೀನಮ್ಮ."